ಇಂದ್ರಾಳಿಯಿಂದ ಫ್ರೀಮಾಂಟ್‌ಗೆ: ಅಮ್ಮನ ಜೊತೆ ಭೂಮಿಯ ಆಚೆ ಬದಿಗೆ

ಬುಧವಾರ

ತಂಗಿಗೆ ಜೂನ್ ಮೊದಲ ವಾರ ಮಗು ಹುಟ್ಟಿತು. ಅವಳಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅಮ್ಮನ ವೀಸಾ ಕೈಗೆ ಬರುವಾಗ ತಡವಾಗಿತ್ತು. ಇಲ್ಲದಿದ್ದರೆ ಹೆರಿಗೆಗೆ ಮೊದಲೇ ಹೊರಡುವವರಿದ್ದೆವು. ಬಾಣಂತನಕ್ಕಾದರೂ ಅಮ್ಮ ಅಲ್ಲಿರಬೇಕು. ಅವರು ಅಲ್ಲಿಯವರೆಗೆ ವಿಮಾನ ಹತ್ತಿದವರಲ್ಲ, ಹಾಗಾಗಿ ಜೊತೆಗೆ ನಾನು. ಅಪ್ಪ ಮನೆ, ತೋಟ, ದೇವರ ಪೂಜೆ ನೋಡಿಕೊಂಡು ಉಡುಪಿಯಲ್ಲೇ ಉಳಿದರು.

ವಿಷಯ ತಿಳಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಗಂಟೆ ಉಂಟು ಅಲ್ಲಿಗೆ?" ಉತ್ತರ ಮಾತ್ರ ಯಾವುದನ್ನು ಲೆಕ್ಕ ಹಿಡಿಯುತ್ತೀರಿ ಎಂಬುದರ ಮೇಲೆ ನಿಂತಿದೆ. ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಹಿಡಿದರೆ ಮಂಗಳೂರು ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,100 ಕಿ.ಮೀ. ಗಂಟೆಗೆ 850 ಕಿ.ಮೀ. ವೇಗದಲ್ಲಿ ಭಾಗಿಸಿದರೆ ಹದಿನಾರೂವರೆ ಗಂಟೆ. ದೂರ ಲೆಕ್ಕ ಹಾಕುವ ಪುಟಗಳು ಈ ಸಂಖ್ಯೆಯನ್ನೇ ತೋರಿಸುತ್ತವೆ. ಗಣಿತ ಸರಿಯಾಗಿದೆ. ಆದರೆ ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯಿಂದ ಆ ದಾರಿಯಲ್ಲಿ ಹಾರುವ ವಿಮಾನವೇ ಇಲ್ಲ.

ಬಜಪೆಯಿಂದ ದುಬೈಗೆ ನೇರ ವಿಮಾನ ಉಂಟು. ದೂರ ಸುಮಾರು 2,460 ಕಿ.ಮೀ., ಮೂರೂವರೆಯಿಂದ ನಾಲ್ಕು ಗಂಟೆ. ನಮ್ಮ ಕಡೆಯವರಿಗೆ ದುಬೈ ಪಕ್ಕದ ಊರಿನ ಹಾಗೆ, ಶಂಕರಪುರದ ಮಲ್ಲಿಗೆ ಕೂಡ ಕೊಲ್ಲಿ ದೇಶಗಳಿಗೆ ಹಾರುತ್ತದೆ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಇನ್ನೊಂದು ವಿಮಾನ ಹಿಡಿದರಾಯಿತು ಎಂದು ಮೊದಲು ಯೋಚಿಸಿದ್ದೆವು. ನೋಡುತ್ತಾ ಹೋದಂತೆ ತೊಡಕು ಜಾಸ್ತಿಯಾಯಿತು. ಎರಡೂ ಬೇರೆ ಬೇರೆ ಟಿಕೆಟ್. ಇಳಿಯುವ ಟರ್ಮಿನಲ್ ಒಂದು, ಹತ್ತುವ ಟರ್ಮಿನಲ್ ಇನ್ನೊಂದು. ಸಾಮಾನು ತಾನಾಗಿ ಮುಂದಿನ ವಿಮಾನಕ್ಕೆ ಹೋಗುವುದಿಲ್ಲ. ನಾವೇ ಹೊರಗೆ ತೆಗೆದುಕೊಂಡು ಮತ್ತೆ ಕೊಡಬೇಕು, ಅದಕ್ಕೆ ಆ ದೇಶದ ವೀಸಾ ಬೇಕು. ಮೊದಲ ವಿಮಾನ ತಡವಾದರೆ ಎರಡನೆಯದಕ್ಕೆ ಯಾರೂ ಹೊಣೆಯಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಕಿಲೋಮೀಟರ್ ಉಳಿಸುವುದಕ್ಕಿಂತ ಒಂದೇ ಟಿಕೆಟ್ ಇರುವುದು ಮುಖ್ಯ. ಹಾಗಾಗಿ ಬೆಂಗಳೂರಿನಿಂದ ದುಬೈ ಮೂಲಕ ಒಂದೇ ಟಿಕೆಟ್ ಮಾಡಿಸಿದೆವು. ಬೆಂಗಳೂರಿನವರೆಗೆ ರಾತ್ರಿ ರೈಲು.

ಸಾಮಾನು ಕಟ್ಟುವುದೇ ಒಂದು ಕೆಲಸ. ಬಾಣಂತಿ ಲೇಹ್ಯ, ಮೆಂತೆ, ಒಣ ಶುಂಠಿ, ಹಲಸಿನ ಹಪ್ಪಳ, ಚಟ್ನಿ ಪುಡಿ ಎಲ್ಲ ಪೆಟ್ಟಿಗೆ ಸೇರಿದವು. ಒಣ ಕೊಬ್ಬರಿ ಮಾತ್ರ ಬೇಡ ಎಂದೆ. ಅದರಲ್ಲಿ ಎಣ್ಣೆ ಜಾಸ್ತಿ. ಮುಚ್ಚಿದ ಜಾಗದಲ್ಲಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂದು ವಿಮಾನ ಸಾಗಣೆಯಲ್ಲಿ ಅದನ್ನು ಅಪಾಯದ ಸಾಮಾನಿನ ಪಟ್ಟಿಗೆ ಸೇರಿಸಿದ್ದಾರೆ. ಅಮ್ಮನಿಗೆ ನಂಬಲಾಗಲಿಲ್ಲ. "ದೇವರಿಗೆ ಇಡುವ ಕೊಬ್ಬರಿ ಮಾರಾಯ್ರೆ!" ಎಂದು ಹೊರಗೆ ತೆಗೆದಿಟ್ಟರು. ಮಟ್ಟುಗುಳ್ಳ ಎಂಬ ನಮ್ಮೂರ ಬದನೆಯ ಬೀಜವೂ ಉಳಿಯಿತು. ಹಣ್ಣು, ತರಕಾರಿ, ಬೀಜದ ವಿಷಯದಲ್ಲಿ ಅಮೆರಿಕದ ಕಸ್ಟಮ್ಸ್ ತುಂಬಾ ಕಟ್ಟುನಿಟ್ಟು.

ರಾತ್ರಿ ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ರೈಲು ಹತ್ತಿದೆವು. ಧಾರಾಕಾರ ಮಳೆ. ಉಡುಪಿಯಿಂದ ಬೆಂಗಳೂರಿಗೆ ಹಳಿಯ ಮೇಲೆ ನಾಲ್ಕು ನೂರು ಕಿ.ಮೀ. ಆಸುಪಾಸು. ಅದಕ್ಕೆ ಇಡೀ ರಾತ್ರಿ ಬೇಕು. ಕಾರಣ ಘಾಟಿ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ ಸುಮಾರು 55 ಕಿ.ಮೀ.ನಲ್ಲಿ 57 ಸುರಂಗಗಳಿವೆ. ಪ್ರತಿ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ ಏರುವ ಹಳಿ. ರೈಲಿನ ಪಾಲಿಗೆ ಇದು ದೊಡ್ಡ ಏರು. ಹಿಂದಿನಿಂದ ಇನ್ನೊಂದು ಇಂಜಿನ್ ತಳ್ಳಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯ ಬೇರೆ. ಎಡಕುಮೇರಿ ಕಡೆ ಅಪರಾತ್ರಿಯಲ್ಲಿ ಎಚ್ಚರವಾದಾಗ ಕಿಟಕಿಯಾಚೆ ಟಾರ್ಚ್ ಹಿಡಿದ ಒಬ್ಬ ಮನುಷ್ಯ ಕಂಡ. ಹಳಿಯ ಪಕ್ಕ ನಡೆಯುತ್ತಾ ಮಣ್ಣು ಜಾರಿದೆಯಾ ಎಂದು ನೋಡುವವನು. ನಾವು ಬೆಚ್ಚಗೆ ಮಲಗಿ ದಾಟುವ ಆ 55 ಕಿ.ಮೀ. ಇಂಥವರ ಕಾಲಿನ ಮೇಲೆ ನಿಂತಿದೆ. ನಮ್ಮ ಅಮೆರಿಕ ಪ್ರಯಾಣಕ್ಕೆ ದುಡಿದವರನ್ನು ಎಣಿಸಿದರೆ ಪೈಲಟ್‌ಗಿಂತ ಮೊದಲು ಅವನ ಲೆಕ್ಕ ಬರಬೇಕು ಎಂದು ನನಗೆ ಅನ್ನಿಸಿತು.

ಗುರುವಾರ

ಬೆಂಗಳೂರು. ಮಲ್ಲೇಶ್ವರದಲ್ಲಿ ಬಂಧುಗಳ ಮನೆ. ಸ್ನಾನ, ಊಟ, ನಿದ್ದೆ. ಈ ಒಂದು ಹಗಲಿನ ಬಿಡುವು ಇಟ್ಟುಕೊಂಡದ್ದು ಒಳ್ಳೆಯದಾಯಿತು. ರೈಲಿನಿಂದ ಇಳಿದು ನೇರ ವಿಮಾನ ಹತ್ತಿದ್ದರೆ ಅಮ್ಮ ದುಬೈಯಲ್ಲೇ ಸೋತುಬಿಡುತ್ತಿದ್ದರು.

ಸಂಜೆ ಆ ಮನೆಯ ಹುಡುಗನ ಗ್ಲೋಬ್ ಸಿಕ್ಕಿತು. ಅಮ್ಮನಿಗೆ ಹಲವು ದಿನಗಳಿಂದ ಒಂದು ಅನುಮಾನ. ಗೋಡೆಯ ನಕ್ಷೆಯಲ್ಲಿ ಅಮೆರಿಕ ಎಡಗಡೆ ಇದೆ. ಹಾಗಾದರೆ ಅರಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಪಶ್ಚಿಮಕ್ಕೇ ಹೋಗಬೇಕಲ್ವಾ? ಉತ್ತರ ಧ್ರುವದ ಕಡೆ ಹೋಗುತ್ತೇವೆ ಎಂದು ನಾನು ಹೇಳಿದ್ದನ್ನು ಅವರು ಸುಮ್ನೆ ಮಾತು ಎಂದುಕೊಂಡಿದ್ದರು.

ಹುಡುಗ ಒಂದು ನೂಲು ತಂದ. ಒಂದು ತುದಿ ದುಬೈ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಎಳೆದ. ಸಡಿಲವಾಗಿದ್ದಾಗ ನೂಲು ಯುರೋಪಿನ ಮೇಲೆ ಬಿದ್ದಿತ್ತು. ಬಿಗಿ ಮಾಡುತ್ತಾ ಹೋದಂತೆ ಮೇಲೆ ಮೇಲೆ ಜಾರಿ ಉತ್ತರ ಧ್ರುವದ ತೀರಾ ಹತ್ತಿರ ನಿಂತಿತು. ಅದಕ್ಕೆ ಕಾರಣ ಇಷ್ಟು: ದುಬೈ ಇರುವುದು 55 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮದಲ್ಲಿ. ಎರಡೂ ಕೂಡಿಸಿದರೆ 177 ದಾಟುತ್ತದೆ. 180 ಆದರೆ ಎರಡು ಊರುಗಳು ಭೂಮಿಯ ಸರಿಯಾಗಿ ಎದುರು ಬದಿಯ ರೇಖೆಗಳ ಮೇಲೆ ಇದ್ದಂತೆ. ಆಗ ಅತಿ ಹತ್ತಿರದ ದಾರಿ ಧ್ರುವದ ನೆತ್ತಿಯ ಮೇಲೇ ಹೋಗುತ್ತದೆ. ಇಲ್ಲಿ ಎರಡು ಮೂರು ಡಿಗ್ರಿ ಕಡಿಮೆ ಇರುವುದರಿಂದ ದಾರಿ ಧ್ರುವದಿಂದ ಸುಮಾರು 200 ಕಿ.ಮೀ. ದೂರದಲ್ಲಿ ಹಾಯುತ್ತದೆ. ದುಬೈಯಿಂದ ಧ್ರುವಕ್ಕೆ ಸುಮಾರು 7,200 ಕಿ.ಮೀ., ಅಲ್ಲಿಂದ ಕೆಳಗೆ 5,800. ಒಟ್ಟು 13,000. ಗೋಡೆಯ ನಕ್ಷೆ ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡುವಾಗ ಧ್ರುವದ ಆ ಒಂದು ಬಿಂದುವನ್ನೇ ಮೇಲಿನ ಇಡೀ ಅಂಚಿನ ಉದ್ದಕ್ಕೆ ಹಿಗ್ಗಿಸಿಬಿಡುತ್ತದೆ. ಅದಕ್ಕೇ ಅದು ದೂರ ಕಾಣುವುದು.

ಅಮ್ಮ ನೂಲನ್ನು ತಾವೇ ಹಿಡಿದು ಮತ್ತೊಮ್ಮೆ ಎಳೆದು ನೋಡಿದರು. "ಹಾಗಾದರೆ ದುಬೈ ದಾರಿ ಸುತ್ತು ಅಲ್ಲವೇ ಅಲ್ಲ" ಎಂದರು. ಹೌದು. ಬೆಂಗಳೂರಿನಿಂದ ನೇರವಾಗಿ ಸುಮಾರು 14,000 ಕಿ.ಮೀ. ದುಬೈ ಮೂಲಕ 2,700 ಮತ್ತು 13,000, ಅಂದರೆ 15,700. ಇಷ್ಟು ದೊಡ್ಡ ಪ್ರಯಾಣದಲ್ಲಿ 1,700 ಕಿ.ಮೀ. ಹೆಚ್ಚು ಅಷ್ಟೇ, ಹಾರುವ ಸಮಯದಲ್ಲಿ ಎರಡು ಗಂಟೆ ಚಿಲ್ಲರೆ.

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಏರ್ ಇಂಡಿಯಾ ನೇರ ವಿಮಾನ ಶುರು ಮಾಡಿದ್ದು 2021ರ ಜನವರಿಯಲ್ಲಿ. ಆ ಮೊದಲ ವಿಮಾನವನ್ನು ಅಲ್ಲಿಂದ ಧ್ರುವದ ಮೇಲಿಂದ ಬೆಂಗಳೂರಿಗೆ ತಂದ ಪೈಲಟ್‌ಗಳೆಲ್ಲ ಮಹಿಳೆಯರು. ಮುಂದೆ ನಿಂತವರು ಕ್ಯಾಪ್ಟನ್ ಜೋಯಾ ಅಗರ್ವಾಲ್. ಇದನ್ನು ಹೇಳಿದಾಗ ಅಮ್ಮನ ಮುಖ ಅರಳಿತು. ಅವರೊಳಗಿದ್ದ ಹೆದರಿಕೆ ಆ ಸಂಜೆ ಅರ್ಧದಷ್ಟು ಇಳಿಯಿತು ಎಂದೇ ನನ್ನ ನಂಬಿಕೆ.

ಶುಕ್ರವಾರ

ಈ ಶುಕ್ರವಾರಕ್ಕೆ 36 ಗಂಟೆ 30 ನಿಮಿಷ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ಚಳಿಗಾಲದಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಹದಿಮೂರೂವರೆ. ಇಲ್ಲಿ ಶುರುವಾದ ದಿನ ಅಲ್ಲಿ ಮುಗಿಯುವುದಕ್ಕೆ ಅಷ್ಟು ಹೊತ್ತು ಹೆಚ್ಚು ತೆಗೆದುಕೊಳ್ಳುತ್ತದೆ.

ಬೆಳಗಿನ ಜಾವ ನಾಲ್ಕೂವರೆಗೆ ಬೆಂಗಳೂರಿನ ನೆಲ ಬಿಟ್ಟೆವು. ಅಮ್ಮ ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿ ಕೃಷ್ಣನ ಹೆಸರು ಹೇಳುತ್ತಿದ್ದರು. ಚಕ್ರ ಮಡಚಿಕೊಂಡ ಸದ್ದಿಗೆ ಕಣ್ಣು ಬಿಟ್ಟು "ಆಯ್ತಾ?" ಎಂದರು. ನಾಲ್ಕು ಗಂಟೆ ಹಾರಿ ಇಳಿದಾಗ ದುಬೈಯಲ್ಲಿ ಏಳು ಗಂಟೆ. ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ. ಗಾಲಿಕುರ್ಚಿಯ ಸಹಾಯ ಮೊದಲೇ ಕೇಳಿದ್ದೆ. ಅಮ್ಮ ನಡೆಯಬಲ್ಲರು. ಆದರೆ ಆ ನಿಲ್ದಾಣದ ಉದ್ದ, ಮಧ್ಯದ ರೈಲು, ಲಿಫ್ಟ್, ತಪಾಸಣೆ, ಎಲ್ಲ ಎರಡು ಗಂಟೆಯೊಳಗೆ ಮುಗಿಯಬೇಕು. ಹಿರಿಯರಿದ್ದರೆ ಸಂಕೋಚವಿಲ್ಲದೆ ಇದನ್ನು ಕೇಳಿಕೊಳ್ಳಿ.

ಒಂಬತ್ತರ ಸುಮಾರಿಗೆ ಎರಡು ಅಂತಸ್ತಿನ ದೊಡ್ಡ ವಿಮಾನ ಮೇಲೇರಿತು. ಇನ್ನು ಹದಿನಾರು ಗಂಟೆ. ಎದುರಿನ ಪರದೆಯಲ್ಲಿ ನಕ್ಷೆ ಹಾಕಿಕೊಟ್ಟೆ. ಅಮ್ಮ ಬೇರೆ ಏನೂ ನೋಡಲಿಲ್ಲ. ಇರಾನ್, ಕಜಕಸ್ತಾನ್, ರಷ್ಯಾದ ಉರಲ್ ಬೆಟ್ಟಗಳು. ಮೂತಿ ನೆಟ್ಟಗೆ ಉತ್ತರಕ್ಕೆ. "ಪಶ್ಚಿಮಕ್ಕೆ ತಿರುಗಲೇ ಇಲ್ಲ ನೋಡು" ಎಂದು ನನ್ನನ್ನು ಎಬ್ಬಿಸಿ ತೋರಿಸಿದರು. ನೂಲು ಎಳೆದ ಬೆರಳುಗಳಿಗೆ ಈಗ ದಾರಿ ಗೊತ್ತಿತ್ತು.

ಊಟದ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಟಿಕೆಟ್ ಮಾಡಿಸುವಾಗಲೇ ಜೈನ ಊಟ ಎಂದು ಬರೆಸಿದ್ದೆ. ಹೊರಡುವುದಕ್ಕೆ ಕನಿಷ್ಠ ಒಂದು ದಿನ ಮೊದಲು ಬರೆಸಿದರೆ ಮಾತ್ರ ಸಿಗುತ್ತದೆ. ಉಳಿದವರಿಗಿಂತ ಮೊದಲೇ ತಂದುಕೊಟ್ಟರು. ಅಮ್ಮ ತಿಂದದ್ದು ಕಡಿಮೆ. ಮನೆಯ ಚಟ್ನಿ ಪುಡಿ ಮತ್ತು ಒಣ ಚಪಾತಿ ಕೈಚೀಲದಲ್ಲಿ ಇತ್ತು. ನೀರನ್ನು ಮಾತ್ರ ನಾನು ಬಿಡದೆ ಕುಡಿಸುತ್ತಿದ್ದೆ. ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶ ಶೇಕಡಾ 20ಕ್ಕಿಂತಲೂ ಕಡಿಮೆ. ಒಗೆದ ಬಟ್ಟೆ ಒಣಗದ ಜೂನ್ ತಿಂಗಳ ಉಡುಪಿಯಿಂದ ಬಂದವರ ಗಂಟಲಿಗೆ ಇದು ತಟ್ಟನೆ ಗೊತ್ತಾಗುತ್ತದೆ. ಹೊತ್ತು ಹೊತ್ತಿಗೆ ಎಬ್ಬಿಸಿ ಹಿಂದಿನವರೆಗೆ ನಡೆಸಿದೆ. ತುಂಬಾ ಹೊತ್ತು ಕಾಲು ಇಳಿಬಿಟ್ಟು ಕೂತರೆ ರಕ್ತ ಹೆಪ್ಪುಗಟ್ಟುವ ಅಪಾಯ ಉಂಟು. ಬಿಗಿಯಾದ ಕಾಲುಚೀಲ ಹಾಕಿಸಲು ವೈದ್ಯರೂ ಹೇಳಿದ್ದರು. ಬಿಪಿ ಮಾತ್ರೆಯನ್ನು ಅವರು ಹೇಳಿದಂತೆ ಭಾರತದ ಗಡಿಯಾರ ನೋಡಿಯೇ ಕೊಟ್ಟೆ.

ಗಗನಸಖಿಯರು ಕಿಟಕಿ ಮುಚ್ಚಿಸಿ ದೀಪ ಆರಿಸಿದರು. ಒಳಗೆ ಕತ್ತಲೆ. ಹೊರಗೆ ಉರಿ ಬಿಸಿಲು. ಜೂನ್ ಕೊನೆಯಲ್ಲಿ ಆರ್ಕ್‌ಟಿಕ್ ವೃತ್ತದ ಮೇಲೆ ಸೂರ್ಯ ಮುಳುಗುವುದೇ ಇಲ್ಲ. ಬೆಳಿಗ್ಗೆ ದುಬೈಯಲ್ಲಿ ಹತ್ತಿ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುವವರೆಗೆ ನಮಗೆ ಸಂಜೆಯೂ ಇಲ್ಲ, ರಾತ್ರಿಯೂ ಇಲ್ಲ. ಅಮ್ಮನಿಗೆ ದೀಪ ಹಚ್ಚುವ ಹೊತ್ತು ಬರಲಿಲ್ಲವಲ್ಲ ಎಂಬ ಚಿಂತೆ. ಕೊನೆಗೆ ಕೈಗಡಿಯಾರದಲ್ಲಿ ಉಡುಪಿಯ ಏಳು ಗಂಟೆ ನೋಡಿ ಕೂತಲ್ಲೇ ಕೈ ಮುಗಿದರು.

ರಷ್ಯಾದ ಉತ್ತರದ ನೊವಾಯ ಜೆಮ್ಲ್ಯಾ ದ್ವೀಪಗಳನ್ನು ದಾಟಿದ ಮೇಲೆ ಪರದೆಯಲ್ಲಿ ನೆಲ ಮುಗಿಯಿತು. ಹಿಂದಿನ ಬಾಗಿಲ ಬಳಿಯ ಪುಟ್ಟ ಕಿಟಕಿಯಿಂದ ಇಬ್ಬರೂ ಕೆಳಗೆ ನೋಡಿದೆವು. ಬಿಳಿ ಹಿಮ, ಅದರಲ್ಲಿ ಕಪ್ಪು ಬಿರುಕುಗಳು. ಸಮುದ್ರವೇ ಹೆಪ್ಪುಗಟ್ಟಿದೆ. ಮಲ್ಪೆ ಕಡಲು ನೋಡಿ ಬೆಳೆದ ಅಮ್ಮ ಬಹಳ ಹೊತ್ತು ಮಾತಾಡದೆ ನಿಂತರು. ಹೊರಗಿನ ಉಷ್ಣತೆ ಮೈನಸ್ 50 ಡಿಗ್ರಿಯ ಆಸುಪಾಸು. ಈ ದಾರಿಯಲ್ಲಿ ಪೈಲಟ್‌ಗಳು ರೆಕ್ಕೆಯೊಳಗಿನ ಇಂಧನದ ಉಷ್ಣತೆಯ ಮೇಲೂ ಕಣ್ಣಿಟ್ಟಿರಬೇಕು. ನಮ್ಮಲ್ಲಿ ಬಳಸುವ ಜೆಟ್ ಇಂಧನ ಗಟ್ಟಿಯಾಗಲು ಶುರುವಾಗುವುದು ಮೈನಸ್ 47ರ ಹತ್ತಿರ. ತೀರಾ ತಣ್ಣಗಾಗುತ್ತಾ ಬಂದರೆ ಎತ್ತರ ಇಳಿಸುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಧ್ರುವದ ಬಳಿ ದಿಕ್ಸೂಚಿಯ ಮುಳ್ಳನ್ನೂ ನಂಬುವಂತಿಲ್ಲ. ಆದರೂ ಜನ ಇಲ್ಲಿ ದಾರಿ ಮಾಡಿಕೊಂಡಿದ್ದಾರೆ. 1954ರಲ್ಲೇ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಸಂಸ್ಥೆ ಕೋಪನ್‌ಹೇಗನ್‌ನಿಂದ ಲಾಸ್ ಏಂಜಲೀಸ್‌ಗೆ ಗ್ರೀನ್‌ಲ್ಯಾಂಡ್ ಮೇಲಿಂದ ಹಾರಲು ಶುರು ಮಾಡಿತ್ತು. ರಷ್ಯಾದ ಆಕಾಶ ಆಗ ಮುಚ್ಚಿತ್ತು. ನಾವು ಹಾರಿದಂಥ ದಾರಿ ತೆರೆದದ್ದು ಸೋವಿಯತ್ ಒಕ್ಕೂಟ ಮುರಿದ ಮೇಲೆ.

ಮುಂದೆ ಕೆನಡಾ. ಗ್ರೇಟ್ ಬೇರ್ ಸರೋವರ, ರಾಕಿ ಬೆಟ್ಟಗಳು, ಕೊನೆಗೆ ನೆತ್ತಿಯಲ್ಲಿ ಹಿಮ ಹೊತ್ತ 4,322 ಮೀಟರ್ ಎತ್ತರದ ಶಾಸ್ತಾ ಪರ್ವತ. ಮಧ್ಯಾಹ್ನ ಎರಡು ಗಂಟೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದಾಗ ಉಡುಪಿಯಲ್ಲಿ ಶನಿವಾರ ನಸುಕಿನ ಎರಡೂವರೆ. ಬೆಂಗಳೂರು ಬಿಟ್ಟು 22 ಗಂಟೆ. ಅದರಲ್ಲಿ ಹಾರಿದ್ದು 20.

ವಲಸೆ ಅಧಿಕಾರಿ ಅಮ್ಮನನ್ನು ಕೇಳಿದ್ದು ಎರಡೇ ಮಾತು. ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ. ಅಮ್ಮ ತಾವೇ "ಬೇಬಿ" ಎಂದು ಕೈಯಲ್ಲಿ ತೊಟ್ಟಿಲು ತೂಗಿ ತೋರಿಸಿದರು. ಅವರು ನಕ್ಕು ಮೊಹರು ಒತ್ತಿದರು. ಪೆಟ್ಟಿಗೆಯಲ್ಲಿ ಆಹಾರ ಏನಿದೆ ಎಂಬುದನ್ನು ಒಂದೂ ಬಿಡದೆ ಹೇಳಿದೆವು. ಹಪ್ಪಳ, ಲೇಹ್ಯ ಎಲ್ಲ ಸುರಕ್ಷಿತವಾಗಿ ದಾಟಿದವು.

ಹೊರಗೆ ಚಳಿಗಾಳಿ. ಜೂನ್‌ನಲ್ಲಿ ಅಲ್ಲಿ ಬೇಸಿಗೆ ಎಂದು ನಂಬಿ ಹೋದವರಿಗೆ ಸಮುದ್ರದಿಂದ ಬರುವ ಮಂಜು ಅಚ್ಚರಿ ತರುತ್ತದೆ. ಅಮ್ಮನಿಗೆ ಶಾಲು ಹೊದೆಸಿದೆ. ಭಾವ ಕಾರು ತಂದಿದ್ದರು. ಕೊಲ್ಲಿಯ ಮೇಲಿನ ಸ್ಯಾನ್ ಮಟೇಯೊ ಸೇತುವೆ ಸುಮಾರು 11 ಕಿ.ಮೀ. ಉದ್ದ. ಅದನ್ನು ದಾಟಿ ಫ್ರೀಮಾಂಟ್ ತಲುಪಿದಾಗ ನಾಲ್ಕೂವರೆ. ಇಂದ್ರಾಳಿಯಿಂದ ತಂಗಿಯ ಬಾಗಿಲಿನವರೆಗೆ, ಬೆಂಗಳೂರಿನ ವಿಶ್ರಾಂತಿಯೂ ಸೇರಿ, ಸುಮಾರು 56 ಗಂಟೆ. ಕೇಳಿದವರಿಗೆ ಈಗ ನಾನು ಹೇಳುವುದು ಈ ಲೆಕ್ಕವನ್ನೇ. ರೈಲಿನಲ್ಲಿ ಗಂಟೆಗೆ 40 ಕಿ.ಮೀ. ಕೂಡ ದಾಟದ ಆ ರಾತ್ರಿಯನ್ನು ಬಿಟ್ಟು 800 ಕಿ.ಮೀ. ವೇಗದ ಹಗಲನ್ನು ಮಾತ್ರ ಹೇಳಿದರೆ ಉಡುಪಿಯವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಅಮ್ಮ ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿ, ಮಗುವನ್ನು ಮಡಿಲಿಗೆ ತೆಗೆದುಕೊಂಡರು. ತಂಗಿ ಅಮ್ಮನ ಹೆಗಲಿಗೆ ತಲೆ ಇಟ್ಟು ಅತ್ತಳು. ನನಗೂ ತಡೆಯಲಾಗಲಿಲ್ಲ.

ಶನಿವಾರ

ನಿದ್ದೆ ತಲೆಕೆಳಗು. ನಡುರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಹಸಿವು, ಮಧ್ಯಾಹ್ನ ಎರಡಕ್ಕೆ ಕಣ್ಣು ಎಳೆಯುತ್ತದೆ. ದೇಹದ ಗಡಿಯಾರ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಷ್ಟೇ ಸರಿಯುತ್ತದೆ, ಹನ್ನೆರಡೂವರೆ ಗಂಟೆ ಅಂದರೆ ಅದಕ್ಕೆ ತೀರಾ ದೂರದ ಊರು. ಬೆಳಗಿನ ಬಿಸಿಲಿನಲ್ಲಿ ನಡೆಸಿದರೆ ಬೇಗ ಹೊಂದುತ್ತದೆ ಎಂದು ಅಂಗಳದಲ್ಲಿ ಅಡ್ಡಾಡಿಸಿದೆ. ಮಗುವಿಗೂ ಹಗಲು ರಾತ್ರಿ ಗೊತ್ತಿಲ್ಲ. ಹಾಗಾಗಿ ನಡುರಾತ್ರಿಯ ಪಾಳಿ ಅಜ್ಜಿಯದೇ ಆಯಿತು. ತಂಗಿ ಅಂದು ಎಷ್ಟೋ ದಿನದ ನಂತರ ನೆಮ್ಮದಿಯಿಂದ ಮಲಗಿದಳು.

ಭಾನುವಾರ

ಅಮ್ಮನ ದೊಡ್ಡ ಪ್ರಶ್ನೆ ಇದ್ದದ್ದು ಏಕಾದಶಿಯದು. ಉಡುಪಿಯ ಪಂಚಾಂಗದಲ್ಲಿ ಸೋಮವಾರ ಏಕಾದಶಿ. ಮನೆಯಲ್ಲಿ ನೀರೂ ಇಲ್ಲದ ಉಪವಾಸ. ಭಾವ ತೋರಿಸಿದ ಕ್ಯಾಲಿಫೋರ್ನಿಯಾದ ಪಂಚಾಂಗದಲ್ಲಿ ಭಾನುವಾರ. ಯಾವುದು ಸರಿ?

ಎರಡೂ ಸರಿ. ತಿಥಿ ಎಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿಯುವ ಅವಧಿ. ಅದು ಜಗತ್ತಿಗೆಲ್ಲ ಒಂದೇ ಕ್ಷಣಕ್ಕೆ ಶುರುವಾಗುತ್ತದೆ. ಈ ಸಲದ ಏಕಾದಶಿ ಹಿಡಿದದ್ದು ಉಡುಪಿಯ ಭಾನುವಾರ ಬೆಳಿಗ್ಗೆ ಸುಮಾರು ಎಂಟಕ್ಕೆ. ಅಲ್ಲಿ ಆಗಲೇ ಸೂರ್ಯ ಹುಟ್ಟಿಯಾಗಿದೆ. ಅರುಣೋದಯದ ಹೊತ್ತಿಗೆ ದಶಮಿ ಇದ್ದರೆ ಮಾಧ್ವರು ಆ ದಿನ ಉಪವಾಸ ಮಾಡುವುದಿಲ್ಲ. ಹಾಗಾಗಿ ಅಲ್ಲಿ ಸೋಮವಾರ. ಅದೇ ಕ್ಷಣ ಫ್ರೀಮಾಂಟ್‌ನಲ್ಲಿ ಶನಿವಾರ ಸಂಜೆ ಏಳೂವರೆ. ರಾತ್ರಿ ಕಳೆದು ಭಾನುವಾರ ಅರುಣೋದಯವಾಗುವಾಗ ಏಕಾದಶಿಯೇ ಇರುತ್ತದೆ. ಹಾಗಾಗಿ ಇಲ್ಲಿ ಭಾನುವಾರ. ಅಮ್ಮ ಗಮನವಿಟ್ಟು ಕೇಳಿದರು. "ಸೂರ್ಯ ಎಲ್ಲಿ ಹುಟ್ಟುತ್ತಾನೋ ಅಲ್ಲಿಯ ಲೆಕ್ಕವೇ ನಡೆಯಬೇಕು" ಎಂದು ಇಲ್ಲಿಯ ಭಾನುವಾರವೇ ಉಪವಾಸ ಹಿಡಿದರು. ಪ್ರಯಾಣದ ದಣಿವಿದೆ, ಮಾತ್ರೆಗೆ ನೀರು ಬೇಕು ಎಂದು ನಾವು ಹಠ ಮಾಡಿದ್ದಕ್ಕೆ ನೀರನ್ನಷ್ಟೇ ಒಪ್ಪಿಕೊಂಡರು.

ಸೋಮವಾರ

ಬೆಳಿಗ್ಗೆ ಆರಕ್ಕೆ ಸೂರ್ಯ ಮೇಲೆ ಬಂದಿದ್ದ. ಅಮ್ಮ ಸ್ನಾನ ಮಾಡಿ, ದೋಸೆ ಹೊಯ್ದು, ದ್ವಾದಶಿಯ ಪಾರಣೆಗೆ ಕೂತರು. ಅಪ್ಪನಿಗೆ ಫೋನ್ ಮಾಡಿದೆವು. ಉಡುಪಿಯಲ್ಲಿ ಅದೇ ಸೋಮವಾರ ಸಂಜೆ ಆರೂವರೆ, ಮಠದಿಂದ ಆಗಷ್ಟೇ ಬಂದಿದ್ದರು. ಅವರ ಉಪವಾಸ ಇನ್ನೂ ನಡೆಯುತ್ತಿತ್ತು.

"ನನ್ನದು ಮುಗೀತು, ನಿಮ್ಮದು ನಾಳೆ ಬೆಳಿಗ್ಗೆಗೆ" ಎಂದರು ಅಮ್ಮ.

"ಒಂದೇ ಏಕಾದಶಿ ಅಲ್ವಾ?" ಎಂದು ಅಪ್ಪ ಕೇಳಿದರು.

"ಒಂದೇ. ಆ ಹುಡುಗನ ಗ್ಲೋಬ್ ಒಂದು ತರಿಸಿ ಇಟ್ಟುಕೊಳ್ಳಿ. ನೂಲು ಎಲ್ಲಿ ಹಿಡಿಯಬೇಕು ಅಂತ ನಾನು ಹೇಳಿಕೊಡ್ತೇನೆ."